ಬಯೋಸ್ ಅಪ್‌ಡೇಟ್‌ಗೆ ಮುಂಚೆ ಆ 48 ಅಂಕಿ ಕೈಯಲ್ಲಿರಲಿ

ಬಯೋಸ್ (ಯಂತ್ರ ಆನ್ ಆದೊಡನೆ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಮುಗಿದು ವಿಂಡೋಸ್ ಲ್ಯಾಪ್‌ಟಾಪ್ ಆನ್ ಆದರೆ ನೀಲಿ ಪರದೆ, ‘ರಿಕವರಿ ಕೀ ಕೊಡಿ’ ಎಂಬ ಬೇಡಿಕೆ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುವವರಿಗೆ ಪರೀಕ್ಷೆ ಹೊತ್ತಿಗೆ ಇದು ಸಣ್ಣ ಪೆಟ್ಟಲ್ಲ. ಯಂತ್ರ ಕೆಟ್ಟಿರುವುದಿಲ್ಲ. ಡಿಸ್ಕಿನ ಬೀಗದ ಕೈ ಟಿಪಿಎಂ ಎಂಬ ಭದ್ರತಾ ಚಿಪ್ಪಿನ ವಶದಲ್ಲಿರುತ್ತದೆ. ಆನ್ ಆಗುವಾಗಿನ ಫರ್ಮ್‌ವೇರ್ (ಬಯೋಸ್‌ನಂಥ ಒಳ ತಂತ್ರಾಂಶ) ಮತ್ತು ಸೆಕ್ಯೂರ್ ಬೂಟ್ (ನಂಬಿಗಸ್ತ ತಂತ್ರಾಂಶವಷ್ಟೇ ಆನ್ ಆಗಲು ಬಿಡುವ ವ್ಯವಸ್ಥೆ) ಸ್ಥಿತಿ ನಿನ್ನೆಯಂತೆಯೇ ಇದ್ದರಷ್ಟೇ ಅದು ಬೀಗದ ಕೈಯನ್ನು ಬಿಟ್ಟುಕೊಡುತ್ತದೆ. ಬಯೋಸ್ ಬದಲಾದರೆ ಬಿಗಿಹಿಡಿಯಬಹುದು.

ಈ ಡಿಸ್ಕ್ ಬೀಗಕ್ಕೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಎಂದು ಹೆಸರು. ‘ನನ್ನದು ವಿಂಡೋಸ್ ಹೋಮ್ ಎಡಿಷನ್, ಬಿಟ್‌ಲಾಕರ್ ಇಲ್ಲ’ ಎಂದು ನಂಬಿ ಕೂರಬೇಡಿ. ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಹೋಮ್‌ನಲ್ಲೂ ಅದೇ ಬಗೆಯ ‘ಡಿವೈಸ್ ಎನ್‌ಕ್ರಿಪ್ಶನ್’ (ಡಿಸ್ಕಿನ ಮಾಹಿತಿಯನ್ನು ಗೂಢಲಿಪಿಯಾಗಿಸುವುದು) ತಾನಾಗಿ ಆನ್ ಆಗಿರಬಹುದು.

ಮೊದಲು ಕೀ

ಎಲ್ಲರೂ ಎಡವುವುದು ಇಲ್ಲೇ. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಗೆಟ್ ಸಿ:’ ಎಂಬ ಆದೇಶವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ‘ನ್ಯೂಮರಿಕಲ್ ಪಾಸ್‌ವರ್ಡ್’ ಅಡಿಯಲ್ಲಿ ಒಂದು ಐಡಿ, ಅದರ ಕೆಳಗೆ ಆರಾರು ಅಂಕಿಯ ಎಂಟು ಗುಂಪು ಕಾಣುತ್ತವೆ. ಈ 48 ಅಂಕಿಯೇ ರಿಕವರಿ ಕೀ. ಎರಡನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಐಡಿಯ ಮೊದಲ ಎಂಟು ಅಕ್ಷರ ಮುಖ್ಯ. ನೀಲಿ ಪರದೆಯೂ ಅದನ್ನೇ ತೋರಿಸಿ ಕೀ ಕೇಳುತ್ತದೆ.

ಕೈಬರಹದಲ್ಲಿ 1 ಮತ್ತು 7 ಅದಲುಬದಲಾಗುವುದುಂಟು. ಅದಕ್ಕೊಂದು ಪರೀಕ್ಷೆಯಿದೆ: ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು. 427625 ಬರೆದಿದ್ದರೆ 11ರಿಂದ ಭಾಗಿಸಿ. 38875 ಬರುತ್ತದೆ, ಸರಿ. ಅದೇ 421625 ಎಂದು ಬರೆದಿದ್ದರೆ ಶೇಷ ಉಳಿಯುತ್ತದೆ. ಎಂಟೂ ಗುಂಪನ್ನು ಫೋನಿನ ಕ್ಯಾಲ್ಕುಲೇಟರಿನಲ್ಲಿ ನೋಡಲು ಎರಡು ನಿಮಿಷ ಸಾಕು.

ಕೀಯನ್ನು ಅದೇ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಮೇಲೆ ಇಟ್ಟರೆ ಪೆಟ್ಟಿಗೆಯ ಕೀಲಿಕೈಯನ್ನು ಪೆಟ್ಟಿಗೆಯೊಳಗೇ ಇಟ್ಟಂತೆ. ಝೆರಾಕ್ಸ್ ಅಂಗಡಿಯ ವಾಟ್ಸ್ಆ್ಯಪ್‌ಗೆ ಕಳಿಸಿ ಪ್ರಿಂಟ್ ತೆಗೆಸುವುದೂ ಬೇಡ.

‘ಅಕೌಂಟ್‌ನಲ್ಲಿ ಹೇಗೂ ಇರುತ್ತದೆ’ ಎಂಬ ಧೈರ್ಯ ಅರ್ಧ ಸತ್ಯ. ಕೊಂಡ ದಿನ ಅಂಗಡಿಯವರೇ ತಮ್ಮ ಇಮೇಲ್ ಹಾಕಿ ಸೆಟಪ್ ಮಾಡಿದ್ದರೆ ಕೀ ಅವರ ಅಕೌಂಟ್‌ಗೆ ಹೋಗಿರುತ್ತದೆ. ಕಾಲೇಜಿನ ಐಡಿ ಹಾಕಿದ್ದರೆ ಕಾಲೇಜಿಗೆ. ಕೋರ್ಸ್ ಮುಗಿದು ಐಡಿ ಬಂದ್ ಆದರೆ ಅದೂ ಕೈಗೆ ಸಿಗುವುದಿಲ್ಲ.

ಬೀಗ ತಡೆಹಿಡಿಯಿರಿ, ತೆಗೆಯಬೇಡಿ

ಎನ್‌ಕ್ರಿಪ್ಶನ್ ಪೂರ್ತಿ ‘ಟರ್ನ್ ಆಫ್’ ಮಾಡಿ ಎಂಬ ಸಲಹೆ ಕೇಳಬೇಡಿ. ಡಿಸ್ಕ್ ಬಿಚ್ಚಿಕೊಳ್ಳಲು ಗಂಟೆಗಟ್ಟಲೆ ಬೇಕಾಗಬಹುದು, ಮತ್ತೆ ಕಟ್ಟಲು ಮತ್ತಷ್ಟು. ‘ಸಸ್ಪೆಂಡ್’ ಕ್ಷಣದ ಕೆಲಸ. ಡೇಟಾ ಎನ್‌ಕ್ರಿಪ್ಟ್ ಆಗಿಯೇ ಇರುತ್ತದೆ, ಟಿಪಿಎಂ ತಪಾಸಣೆ ಮಾತ್ರ ನಿಲ್ಲುತ್ತದೆ. ಆದೇಶ: ‘ಮ್ಯಾನೇಜ್-ಬಿಡಿಇ -ಪ್ರೊಟೆಕ್ಟರ್ಸ್ -ಡಿಸೇಬಲ್ ಸಿ: -ರೀಬೂಟ್‌ಕೌಂಟ್ 0’. ಕೊನೆಯ ಸೊನ್ನೆ ಬಿಡಬೇಡಿ. ಬಿಟ್ಟರೆ ವಿಂಡೋಸ್ ಒಮ್ಮೆ ಮರಳಿ ಆನ್ ಆದೊಡನೆ ಬೀಗ ತಾನಾಗಿ ಬೀಳುತ್ತದೆ, ಕೆಲವು ಅಪ್‌ಡೇಟ್‌ಗಳು ಎರಡು ಸಲ ರೀಸ್ಟಾರ್ಟ್ ಕೇಳುತ್ತವೆ. ಸಸ್ಪೆಂಡ್ ಆಗಿರುವಷ್ಟು ಹೊತ್ತು ಬೀಗದ ಕೈ ಡಿಸ್ಕಿನ ಮೇಲೆ ಬಯಲಾಗಿ ಬಿದ್ದಿರುತ್ತದೆ. ಲ್ಯಾಪ್‌ಟಾಪನ್ನು ಆಚೆ ಒಯ್ಯಬೇಡಿ.

ಅಪ್‌ಡೇಟ್

ಬಯೋಸ್ ಸೆಟಪ್‌ನ ಸೆಕ್ಯೂರ್ ಬೂಟ್ ಮತ್ತು ಸ್ಟೋರೇಜ್ ಪುಟಗಳ ಫೋಟೋ ತೆಗೆದಿಡಿ. ಅಪ್‌ಡೇಟ್ ನಂತರ ವಿಎಂಡಿ (ಇಂಟೆಲ್ ಯಂತ್ರಗಳಲ್ಲಿ ಡಿಸ್ಕ್ ನಿಭಾಯಿಸುವ ವ್ಯವಸ್ಥೆ) ಆಯ್ಕೆ ಬದಲಾಗಿದ್ದರೆ ವಿಂಡೋಸ್‌ಗೆ ಡಿಸ್ಕೇ ಕಾಣದಿರಬಹುದು. ಫೈಲ್ ನಿಮ್ಮ ಮಾಡೆಲ್‌ನದೇ ಇರಲಿ, ತಯಾರಕರ ಜಾಲತಾಣದ್ದೇ ಇರಲಿ; ‘ಡ್ರೈವರ್ ಅಪ್‌ಡೇಟರ್’ ಎಂಬ ತಂತ್ರಾಂಶಗಳನ್ನು ಹತ್ತಿರ ಸೇರಿಸಬೇಡಿ. ಚಾರ್ಜರ್ ಚುಚ್ಚಿ, ಬ್ಯಾಟರಿ ತುಂಬಿರಲಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಗುಡುಗು-ಮಳೆಯ ಸಂಜೆ ಈ ಕೆಲಸ ಬೇಡವೇ ಬೇಡ; ಬಯೋಸ್ ಬರೆಯುವಾಗ ಕರೆಂಟ್ ಹೋದರೆ ಮದರ್‌ಬೋರ್ಡ್ ಏಳದೇ ಹೋಗಬಹುದು. ನಡುವೆ ‘ಟಿಪಿಎಂ ಕ್ಲಿಯರ್ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ.

ಚಿಪ್ ನೇರವಾಗಿ ಬರೆಸುವುದಾದರೆ

ಬೋರ್ಡ್ ಏಳದಿದ್ದರೆ ಅಂಗಡಿಯವರು ಬಯೋಸ್ ಚಿಪ್ಪಿಗೇ ನೇರವಾಗಿ ಬರೆಯುವುದುಂಟು. ವಿಂಡೋಸ್‌ನ ಲೈಸೆನ್ಸ್ ಕೀ ಬಯೋಸ್ ಒಳಗೆ ಎಂಎಸ್‌ಡಿಎಂ ಎಂಬ ಕೋಷ್ಟಕದಲ್ಲಿರುತ್ತದೆ. ಕಂಪನಿಯ ಅಪ್‌ಡೇಟ್ ಅದನ್ನು ಮುಟ್ಟುವುದಿಲ್ಲ. ಆದರೆ ಅಂಗಡಿಯಲ್ಲಿ ಬೇರೆ ಯಂತ್ರದ ಡಂಪ್ (ಚಿಪ್ಪಿನಿಂದ ಓದಿ ತೆಗೆದ ಪೂರ್ತಿ ಪ್ರತಿ) ಬರೆದರೆ ಕೀ, ಸೀರಿಯಲ್ ನಂಬರ್ ಎಲ್ಲ ಅಳಿದು ಪರರದ್ದು ಬಂದು ಕೂರುತ್ತದೆ. ಅಳಿಸುವ ಮುನ್ನ ನಿಮ್ಮದೇ ಚಿಪ್ಪನ್ನು ಎರಡು ಸಲ ಓದಿಸಿ, ಎರಡೂ ಫೈಲ್ ಒಂದೇ ಇವೆಯೇ ನೋಡಿಸಿ, ಒಂದು ಪ್ರತಿ ಇಸಿದುಕೊಳ್ಳಿ. 16 ಎಂಬಿ ಚಿಪ್ಪಾದರೆ ಗಾತ್ರ ಸರಿಯಾಗಿ 16777216 ಬೈಟ್ ಇರಬೇಕು. ಅಗ್ಗದ ಕಪ್ಪು ಬೋರ್ಡಿನ ಸಿಎಚ್341ಎ ಪ್ರೋಗ್ರಾಮರ್ (ಚಿಪ್ ಓದಿ ಬರೆಯುವ ಸಾಧನ) 3.3 ವೋಲ್ಟ್ ಚಿಪ್ಪಿನ ಡೇಟಾ ಕಾಲುಗಳಿಗೆ 5 ವೋಲ್ಟ್ ಹಾಯಿಸುತ್ತದೆ, 1.8 ವೋಲ್ಟ್ ಚಿಪ್ಪಿಗಂತೂ ಅಡಾಪ್ಟರ್ ಇಲ್ಲದೆ ಹಚ್ಚಲೇಬಾರದು.

ಮರಳಿ ಬೀಗ

ವಿಂಡೋಸ್ ತೆರೆದ ಮೇಲೆ ಅದೇ ಆದೇಶವನ್ನು ‘ಡಿಸೇಬಲ್’ ಬದಲು ‘ಎನೇಬಲ್’ ಎಂದು, ರೀಬೂಟ್‌ಕೌಂಟ್ ಬಿಟ್ಟು ಕೊಡಿ. ಒಮ್ಮೆ ರೀಸ್ಟಾರ್ಟ್ ಮಾಡಿ. ಕೀ ಕೇಳದಿದ್ದರೆ ಟಿಪಿಎಂ ಹೊಸ ಬಯೋಸನ್ನು ಒಪ್ಪಿದೆ. ಪ್ರತಿ ಸಲ ಕೇಳುತ್ತಿದ್ದರೆ ಕಾಗದದ ಕೀ ಹಾಕಿ ಒಳಹೋಗಿ, ಇನ್ನೊಮ್ಮೆ ಡಿಸೇಬಲ್, ಎನೇಬಲ್ ಮಾಡಿ. ಸೆಟ್ಟಿಂಗ್ಸ್‌ನ ಆ್ಯಕ್ಟಿವೇಶನ್ ಪುಟದಲ್ಲಿ ‘ಆ್ಯಕ್ಟಿವ್’ ಇಲ್ಲದಿದ್ದರೆ ಅಲ್ಲಿನ ಟ್ರಬಲ್‌ಶೂಟರ್ ತೆರೆದು, ಹಾರ್ಡ್‌ವೇರ್ ಬದಲಾಗಿದೆ ಎಂಬ ಆಯ್ಕೆ ಒತ್ತಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ.