ಹೆಣ್ಣು ಒಪ್ಪಿಸುವಲ್ಲಿಗೆ ನಿಂತುಬಿಡುತ್ತಿದ್ದ ಡಿವಿಡಿ: ನನ್ನ ಅನುಭವ

2010ರ ಮದುವೆ ಸೀಸನ್‌ನಲ್ಲಿ ನನ್ನ ಸ್ಟುಡಿಯೊದಿಂದ ಕೊಟ್ಟ ಮದುವೆ ಡಿವಿಡಿಗಳಲ್ಲಿ ಹೆಚ್ಚು ಕಡಿಮೆ ನಲವತ್ತು ವಾಪಸ್ ಬಂದವು. ನನ್ನ ಸಿಸ್ಟಂಗೆ ಹಾಕಿದರೆ ಎಲ್ಲವೂ ಓಡುತ್ತಿದ್ದವು. ಗಿರಾಕಿಗಳ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓದುತ್ತಿರಲಿಲ್ಲ. ದಾವಣಗೆರೆಯ ಸ್ಟುಡಿಯೊ ಗೆಳೆಯರೆಲ್ಲ ಹೇಳಿದ್ದು ಒಂದೇ ಮಾತು: "ನಿಮ್ಮ ಡ್ರೈವೇ ಸರಿ ಇಲ್ಲ ಅಂತ ಹೇಳಿ ಕಳಿಸು ಗುರುವೇ." ಒಂದಷ್ಟು ದಿನ ನಾನೂ ಹಾಗೇ ಹೇಳಿದೆ.

ಒಂದು ದಿನ ಮದುಮಗಳ ತಾಯಿ ಅಂಗಡಿಗೇ ಬಂದರು. "ಏನಪ್ಪಾ, ಧಾರೆ ಬರುತ್ತೆ, ಊಟದ ಪಂಕ್ತಿನೂ ಬರುತ್ತೆ. ಮಗಳನ್ನ ಒಪ್ಪಿಸೋದೇ ಬರಲ್ವಲ್ಲ" ಅಂದರು. ಬಾಕಿ 5,000 ರೂಪಾಯಿ ಅವರು ಕೊಡಲಿಲ್ಲ, ನಾನೂ ಕೇಳಲಿಲ್ಲ. ಆದರೆ ಉತ್ತರ ಅವರ ಮಾತಿನಲ್ಲೇ ಇತ್ತು. ಡಿಸ್ಕ್ ಬರೆಯೋದು ಒಳಗಿನಿಂದ ಹೊರಕ್ಕೆ ಅಲ್ವಾ? ಒಪ್ಪಿಸುವ ಶಾಸ್ತ್ರ ಬರೋದೇ ಕೊನೆಗೆ, ಅಂದರೆ ಹೊರ ಅಂಚಿನಲ್ಲಿ. ವಾಪಸ್ ಬಂದವನ್ನೆಲ್ಲ ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿದೆ. ಬಹಳಷ್ಟರಲ್ಲಿ ಬರೆದ ಭಾಗದ ಬೇರೆ ಬಣ್ಣ ಅಂಚಿನ ತನಕ ಹೋಗಿತ್ತು.

ಆಗ ನಾನು 16ಎಕ್ಸ್ ವೇಗದಲ್ಲೇ ರೈಟ್ ಮಾಡುತ್ತಿದ್ದೆ. ಡಿಸ್ಕ್ ಪರೀಕ್ಷಿಸುವ ನೀರೋ ಡಿಸ್ಕ್‌ಸ್ಪೀಡ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಸ್ಕ್ಯಾನ್ ಮಾಡಿದರೆ ಒಳಗೆಲ್ಲ ಪಿಐ ಎರರ್, ಅಂದರೆ ಓದುವಾಗ ಸಿಗುವ ತಪ್ಪುಗಳ ಎಣಿಕೆ, 20, 30. ಅಂಚಿಗೆ ಬಂದರೆ 600ರ ಆಸುಪಾಸು. ಅದು 280 ದಾಟಬಾರದು ಅನ್ನೋದು ಲೆಕ್ಕ. ಅದೇ ಬಂಡಲ್‌ನ ಡಿಸ್ಕನ್ನು 8ಎಕ್ಸ್‌ನಲ್ಲಿ ಬರೆದೆ, ಅಂಚಿನಲ್ಲೂ 50ರೊಳಗೆ ಬಂತು. ನಿಧಾನ ಆದಷ್ಟೂ ಒಳ್ಳೇದು ಅಂದುಕೊಂಡು 4ಎಕ್ಸ್‌ಗೆ ಇಳಿಸಿದರೆ ಮತ್ತೆ ಕೆಟ್ಟಿತು. ಪಕ್ಕದ ಸ್ಟುಡಿಯೊದವರು "8ರಲ್ಲಿ ಬರೀತಾ ಕೂತ್ರೆ ಸೀಸನ್ನೇ ಮುಗಿದು ಹೋಗುತ್ತೆ" ಅಂದರು. ಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದ್ದೇನೆ, ಒಂದು ಡಿಸ್ಕ್‌ಗೆ ಜಾಸ್ತಿ ಆಗೋದು ಮೂರೇ ನಿಮಿಷ.

ಜೊತೆಗೆ ಡಿಸ್ಕ್‌ನಲ್ಲಿ ಹಿಡಿಯುವ 4.38 ಜಿಬಿಯನ್ನೂ ಪೂರ್ತಿ ತುಂಬಿಸುವ ಆಸೆ ಬಿಟ್ಟೆ. 3.8ಕ್ಕೆ ನಿಲ್ಲಿಸಿ ಅಂಚನ್ನು ಖಾಲಿ ಬಿಟ್ಟೆ.

ಆದರೂ ಫೋಟೊ ಡಿಸ್ಕ್‌ಗಳು ಬರುತ್ತಲೇ ಇದ್ದವು. ಇವು ಬೇರೆ ಡ್ರೈವ್‌ನಲ್ಲಿ ಖಾಲಿ ಡಿಸ್ಕ್ ಅಂತಲೇ ತೋರಿಸುತ್ತಿದ್ದವು. ನನ್ನ ಅಂಗಡಿಯ ಹುಡುಗ ವಿಂಡೋಸ್ ಕೇಳಿದಾಗ ಯುಎಸ್‌ಬಿ ತರಹದ ಆಯ್ಕೆಯನ್ನೇ ಒತ್ತಿ, ಫೋಲ್ಡರ್ ಎಳೆದು ಹಾಕಿ, ಕ್ಲೋಸ್ ಮಾಡದೆ, ಅಂದರೆ ಬರೆದದ್ದು ಮುಗಿಯಿತು ಅಂತ ಡಿಸ್ಕ್‌ಗೆ ಗುರುತು ಹಾಕದೆ, ಕೊಡುತ್ತಿದ್ದ. ಅವತ್ತಿನಿಂದ ಎಲ್ಲವೂ ಇಮ್ಗ್‌ಬರ್ನ್ ಅನ್ನೋ ಡಿಸ್ಕ್ ಬರೆಯುವ ಸಾಫ್ಟ್‌ವೇರ್‌ನಲ್ಲೇ. ಬೇರೆ ಸ್ಟುಡಿಯೊಗಳವರು ತಂದ ಇಂಥ ಡಿಸ್ಕ್‌ಗಳನ್ನು ಅದರಲ್ಲೇ ಕ್ಲೋಸ್ ಮಾಡಿ 100 ರೂಪಾಯಿ ತೆಗೆದುಕೊಂಡಿದ್ದೇನೆ. ಹಳೇ ಪ್ಲೇಯರ್ ಇರುವ ಮನೆಗೆ ಪ್ಲಸ್ ಆರ್ (ಡಿವಿಡಿ+ಆರ್) ಡಿಸ್ಕ್ ಹಾಕಿ, ಬುಕ್‌ಟೈಪ್ ಅನ್ನೋ ಗುರುತನ್ನು, ಅಂದರೆ ಇದು ಯಾವ ಬಗೆಯ ಡಿಸ್ಕ್ ಅಂತ ಪ್ಲೇಯರ್‌ಗೆ ಹೇಳುವುದನ್ನು, ಕಂಪನಿಯಲ್ಲೇ ಅಚ್ಚಾದ ಡಿವಿಡಿ-ರೋಮ್ ಅಂತ ಬದಲಿಸಿ ಕೊಡುತ್ತೇನೆ. ಮೈನಸ್ ಆರ್‌ನಲ್ಲಿ (ಡಿವಿಡಿ-ಆರ್) ಅದು ಆಗಲ್ಲ.

ನಿಜವಾಗಿ ನನ್ನ ಕೈ ಹಿಡಿದದ್ದು ಗುಜರಿ ಅಂಗಡಿಯಲ್ಲಿ 150 ರೂಪಾಯಿಗೆ ತಂದ ಹಳೇ ಡ್ರೈವ್. ಬರೀ ಓದುತ್ತೆ, ಅದೂ ತೀರಾ ಮೊಂಡು. ಸ್ವಲ್ಪ ದೋಷ ಇದ್ದರೂ ಸಾಕು, ಟಕ್ ಟಕ್ ಅಂದು ನಿಂತುಬಿಡುತ್ತೆ. ಬರೆದ ರೈಟರ್‌ನಲ್ಲೇ ಮತ್ತೆ ಓದಿಸಿ ವೆರಿಫೈ ಮಾಡಿದರೆ ಏನು ಬಂತು? ತಾನು ಬರೆದದ್ದನ್ನು ಅದು ಹೇಗೋ ಓದಿಕೊಳ್ಳುತ್ತೆ. ಈ ಮೊಂಡು ಡ್ರೈವ್ ಕೊನೇ ಹತ್ತು ನಿಮಿಷ ಓದಿದ ಮೇಲೇ ಡಿಸ್ಕ್ ಕವರ್‌ಗೆ ಹೋಗಬೇಕು. "ಗುಜರಿ ಡ್ರೈವ್ ನಂಬ್ಕೊಂಡು ಕೂತಿದ್ದಾನೆ" ಅಂತ ಆಡಿಕೊಂಡವರೇ ಆಮೇಲೆ ಅಂಥದ್ದು ಹುಡುಕಿಕೊಡು ಅಂತ ಬಂದರು. ಅದರ ಲೆನ್ಸನ್ನು ಯಾವ ಹದದಲ್ಲಿ ಇಟ್ಟಿದ್ದೇನೆ ಅನ್ನೋದು ನನ್ನಲ್ಲೇ ಇರಲಿ.

ಖಾಲಿ ಡಿಸ್ಕ್‌ಗಳ ಬಂಡಲ್ ವಿಷಯವೂ ಅಷ್ಟೇ. 50ರ ಬಂಡಲ್ 550ಕ್ಕೂ ಸಿಗುತ್ತಿತ್ತು, 800ಕ್ಕೂ ಸಿಗುತ್ತಿತ್ತು. ಮೇಲಿನ ಹೆಸರು ನೋಡಿ ಮೋಸ ಹೋಗಬೇಡಿ, ಒಳಗೆ ಮಾಡಿದವರು ಬೇರೆಯೇ ಇರುತ್ತಾರೆ. ನಿಜವಾಗಿ ಮಾಡಿದವರು ಯಾರು ಅಂತ ಹೇಳುವ, ಡಿಸ್ಕ್‌ನೊಳಗೇ ಇರುವ ಮೀಡಿಯಾ ಕೋಡ್ ನೋಡಿ. ನಾನು ಯಾವ ಕೋಡ್ ತರುತ್ತೇನೆ ಅಂತ ಮಾತ್ರ ಹೇಳಲ್ಲ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಏಪ್ರಿಲ್ ಬಿಸಿಲಿಗೆ ಕಿಟಕಿಯಲ್ಲಿ ಎರಡೂ ಬಗೆಯ ಡಿಸ್ಕ್ ಇಟ್ಟೆ. ತಿಂಗಳಲ್ಲಿ ಅಗ್ಗದ್ದು ಸತ್ತಿತು, ಇನ್ನೊಂದು ಉಳಿಯಿತು. ಪೇಪರ್ ಸ್ಟಿಕ್ಕರ್ ಅಂಟಿಸಿದವು ಲ್ಯಾಪ್‌ಟಾಪ್‌ನಲ್ಲಿ ಗುರ್ರ್ ಅಂತ ಅದುರಿ ಓದದೆ ಹೋದವು. ಕೂದಲೆಳೆಯಷ್ಟು ಓರೆಯಾಗಿ ಅಂಟಿಸಿದರೂ ಸಾಕು. ಸ್ಟಿಕ್ಕರ್ ನಿಲ್ಲಿಸಿ ಪ್ರಿಂಟ್ ಆಗುವ ಡಿಸ್ಕ್ ತಂದೆ, ಒಂದಕ್ಕೆ ನಾಲ್ಕೈದು ರೂಪಾಯಿ ಜಾಸ್ತಿ ಬಿತ್ತು.

ಮೊದಲ ಸೀಸನ್‌ನಲ್ಲಿ ಡಿಸ್ಕ್, ಪೆಟ್ರೋಲ್, ಬಾರದ ಬಾಕಿ ಸೇರಿ 12,000 ಹೋಗಿತ್ತು. ಮುಂದಿನ ಸೀಸನ್‌ನಲ್ಲಿ ಮುನ್ನೂರೈವತ್ತು ಡಿಸ್ಕ್ ಕೊಟ್ಟಿರಬಹುದು. ವಾಪಸ್ ಬಂದದ್ದು ಎರಡು, ಅದರಲ್ಲೊಂದು ಕೊರಿಯರ್‌ನಲ್ಲಿ ಸೀಳಿದ್ದು. ಆ ತಾಯಿಗೆ ಹೊಸದಾಗಿ ಬರೆದು ನಾನೇ ಮನೆಗೆ ತಲುಪಿಸಿದೆ. ಅವರ ಲ್ಯಾಪ್‌ಟಾಪ್‌ನಲ್ಲೇ ಹಾಕಿ, ಹೆಣ್ಣು ಒಪ್ಪಿಸುವಲ್ಲಿಗೆ ಓಡಿಸಿ, ಕಾರು ಹೊರಡುವ ತನಕ ಜೊತೆಗೇ ಕೂತು ನೋಡಿದೆ. ಎಲ್ಲೂ ನಿಲ್ಲಲಿಲ್ಲ.