ಅಂಚು ಉಜ್ಜದ ಬ್ಯಾಗು, ಅವ್ವನ ಕಡಗೋಲು

ಹೋದ ತಿಂಗಳು ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಹೆಗಲಿಗೆ ಒಂದು ತೊಗಲಿನ ಬ್ಯಾಗು. ತಾನೇ ಹೊಲಿದದ್ದು ಅಂತ ಹೆಮ್ಮೆ. ನಾನು ಕೈಗೆ ತಗೊಂಡು ಮೊದಲು ನೋಡಿದ್ದು ಅಂಚು. ಹಳೇ ಕೌದಿಯ ಹಾಗೆ ನಾರು ನಾರು ಎದ್ದಿತ್ತು. ನಲವತ್ತು ಸಾಮಾನಿನ ಪೆಟ್ಟಿಗೆಯನ್ನೇ ತರಿಸಿದ್ದಾಳಂತೆ. ಅದರಲ್ಲಿ ಬಳಸಿದ್ದು ಆರೋ ಏಳೋ. ಇದ್ದ ಚಾಕು ಮೊಂಡ. "ಹೆಂಗಾಗಿದೆ ಅಜ್ಜಿ?" ಅಂದಳು. "ಚೆನ್ನಾಗಿದೆ ಮಗಾ" ಅಂದುಬಿಟ್ಟೆ. ಆ ಸುಳ್ಳು ಗಂಟಲಲ್ಲೇ ಸಿಕ್ಕಿಕೊಂಡಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಅಥಣಿಯವಳು. ಮನೆಯಲ್ಲಿ ಅಪ್ಪ ತೊಗಲು ಕತ್ತರಿಸುತ್ತಿದ್ದರು, ಅವ್ವ ಹೊಲಿಯುತ್ತಿದ್ದಳು, ಪಟ್ಟಿಯ ಜಡೆ ಹೆಣೆಯುತ್ತಿದ್ದಳು. ಊರೆಲ್ಲ ಕೊಲ್ಹಾಪುರಿ ಚಪ್ಪಲಿ ಅಂತ ಕೊಳ್ಳುತ್ತದಲ್ಲ, ಅದರ ನಾಜೂಕು ಕೆಲಸವೆಲ್ಲ ಹೆಂಗಸರ ಕೈಯದ್ದು. ಎಷ್ಟೋ ಜೋಡಿ ಅಥಣಿ, ನಿಪ್ಪಾಣಿ ಕಡೆಯದ್ದು, ಹೆಸರು ಮಾತ್ರ ಕೊಲ್ಹಾಪುರದ್ದು. 2019ರಲ್ಲಿ ಜಿಐ ಮನ್ನಣೆ, ಅಂದರೆ ಇದು ಇಂಥ ಸೀಮೆಯದ್ದೇ ಅನ್ನುವ ಸರ್ಕಾರಿ ಗುರುತು, ಬಂತು ಅಂತ ಪೇಪರಿನಲ್ಲಿ ಓದಿದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಇದ್ದವು. ಸಮಾಧಾನ ಆಯಿತು. 2025ರಲ್ಲಿ ಇಟಲಿಯ ಪ್ರಾಡಾ ಅನ್ನುವ ಫ್ಯಾಷನ್ ಕಂಪನಿಯವರು ಮಿಲಾನಿನಲ್ಲಿ ಅಂಥದ್ದೇ ಚಪ್ಪಲಿ ತೋರಿಸಿ ಗದ್ದಲ ಆದಮೇಲಂತೂ ಹುಡುಗರಿಗೆಲ್ಲ ತೊಗಲಿನ ಹುಚ್ಚು ಹಿಡಿದಿದೆ. ಒಂದು ಕಾಲದಲ್ಲಿ ನಮ್ಮ ಮನೆಯಲ್ಲಿ ನೀರು ಕುಡಿಯದವರ ಮೊಮ್ಮಕ್ಕಳು ಈಗ ಭಾನುವಾರ ದುಡ್ಡು ಕೊಟ್ಟು ತೊಗಲು ಹೊಲಿಯೋದು ಕಲಿಯುತ್ತಾರೆ. ಕಲಿಯಲಿ. ಆದರೆ ನೆಟ್ಟಗೆ ಕಲಿಯಲಿ.

ಮೊದಲು ತೊಗಲು. ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗಬೇಡಿ. ಹದ ಮಾಡಿದ್ದು ಹೇಗೆ ಅಂತ ಕೇಳಿ. ಜಾಲಿ ತೊಗಟೆ, ಅಳಲೆಕಾಯಿ, ತಂಗಡಿ ತೊಗಟೆ ಇಂಥದ್ದರಲ್ಲಿ ವಾರಗಟ್ಟಲೆ ನೆನೆದು ಹದವಾದದ್ದು ಒಂದು ಜಾತಿ. ಕ್ರೋಮ್ ಉಪ್ಪಿನಲ್ಲಿ ಬೇಗ ಹದವಾದದ್ದು ಇನ್ನೊಂದು. ಕತ್ತರಿಸಿದ ಅಂಚು ನೋಡಿದರೆ ಗೊತ್ತಾಗುತ್ತದೆ. ತೊಗಟೆಯದ್ದು ಒಳಗೂ ಹೊರಗೂ ಕಂದು. ಕ್ರೋಮ್‌ನದ್ದು ಒಳಗೆ ನೀಲಿ ಬೂದು ಇಣುಕುತ್ತದೆ, ಒಳಗಿನವರೆಗೂ ಬಣ್ಣ ಕುಡಿಸಿದ್ದರೆ ಮಾತ್ರ ಕಾಣದು. ಬಣ್ಣ ಹಚ್ಚದ ಚೂರಿನ ಮೇಲೆ ಒಂದು ಹನಿ ನೀರು ಬಿಡಿ. ತೊಗಟೆಯದ್ದಾದರೆ ನೀರು ಹೀರಿ ಕಪ್ಪಾಗುತ್ತದೆ. ಕ್ರೋಮ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮೆತ್ತಗಿರುತ್ತದೆ, ಮಳೆಗೂ ತಡೆಯುತ್ತದೆ. ಆದರೆ ಅದರ ಅಂಚು ಉಜ್ಜಿದರೆ ಮಿಂಚೋದಿಲ್ಲ. ಅದನ್ನು ಒಳಕ್ಕೆ ಮಡಚಿ ಹೊಲಿಯಬೇಕು, ಇಲ್ಲವೇ ಅಂಚಿಗೆ ಹಚ್ಚುವ ಬಣ್ಣ ಬಳಿಯಬೇಕು. ನಮ್ಮ ಹುಡುಗಿ ತೊಗಟೆಯ ಒಳ್ಳೇ ತೊಗಲನ್ನೇ ತಂದಿದ್ದಳು. ತಂದೂ ಅಂಚು ಹಾಗೆ ಬಿಟ್ಟಿದ್ದಳಲ್ಲ, ಹೊಟ್ಟೆ ಉರಿದದ್ದು ಅದಕ್ಕೆ.

ಚೆನ್ನೈನ ಪೆರಿಯಮೇಟ್‌ನಲ್ಲಿ ಸಾಲು ಸಾಲು ತೊಗಲಿನ ಅಂಗಡಿಗಳಿವೆ. ಹೋಗುವವರಿದ್ದರೆ ಹೋಗಿ ಕೈಯಲ್ಲಿ ಮುಟ್ಟಿ ತನ್ನಿ. ಚದರ ಅಡಿ ಲೆಕ್ಕದಲ್ಲಿ ಕೊಡುತ್ತಾರೆ. ತೊಗಲು ಬಟ್ಟೆಯ ಥಾನಿನಂತೆ ನೇರವಾಗಿ ಇರೋದಿಲ್ಲ, ಒಂದು ದನದ ಆಕಾರದಲ್ಲಿರುತ್ತದೆ. ಹಾಗಾಗಿ ನಿಮ್ಮ ಲೆಕ್ಕಕ್ಕೆ ಕಾಲುಭಾಗ ಜಾಸ್ತಿ ಹಾಕಿಕೊಂಡು ತನ್ನಿ. ಬೆನ್ನಿನ ಭಾಗ ಗಟ್ಟಿ, ಹೊಟ್ಟೆಯ ಭಾಗ ಜಗ್ಗುತ್ತದೆ, ಕುತ್ತಿಗೆಯ ಹತ್ತಿರ ಸುಕ್ಕು. ಪಟ್ಟಿಯನ್ನು ಬೆನ್ನಿನಲ್ಲಿ, ಬೆನ್ನೆಲುಬಿನ ಉದ್ದಕ್ಕೇ ಕತ್ತರಿಸಿ. ಹೊಟ್ಟೆಯಲ್ಲಿ ಕತ್ತರಿಸಿದರೆ ಆರು ತಿಂಗಳಿಗೆ ಬ್ಯಾಗು ಮೊಣಕಾಲಿಗೆ ಬರುತ್ತದೆ. ದಪ್ಪ ಎಷ್ಟು ಅಂತ ಕೇಳುತ್ತೀರಿ. ಮೈಗೆ ಬಿಸಿ ಜೋಳದ ರೊಟ್ಟಿಯಷ್ಟು, ಪಟ್ಟಿಗೆ ಎರಡು ರೊಟ್ಟಿ ಜೋಡಿಸಿದಷ್ಟು. ಅಂಗಡಿಯವನಿಗೆ ರೊಟ್ಟಿ ಲೆಕ್ಕ ತಿಳಿಯೋದಿಲ್ಲ, ಅವನಿಗೆ ಮೈಗೆ ಒಂದೂವರೆಯಿಂದ 2 ಮಿ.ಮೀ. ಅಂತ ಹೇಳಿ. ಚಪ್ಪಲಿಯ ಅಟ್ಟೆಗೆ ಬರುವ ಎಮ್ಮೆ ತೊಗಲು ತಂದು ಬ್ಯಾಗು ಹೊಲಿದವರನ್ನೂ ನೋಡಿದ್ದೇನೆ. ಪಾಪ, ಅದು ಬ್ಯಾಗಲ್ಲ, ಹಲಗೆ.

ಇನ್ನು ಸಾಮಾನು. ನಲವತ್ತು ಬೇಡ. ಚೂಪಾದ ಚಾಕು ಒಂದು. ಕಬ್ಬಿಣದ ಅಡಿಪಟ್ಟಿ ಒಂದು. ಸಾಲಾಗಿ ತೂತು ಹೊಡೆಯುವ ಮುಳ್ಳುಚಮಚದಂಥ ಉಳಿ ಒಂದು, ಹಲ್ಲಿನಿಂದ ಹಲ್ಲಿಗೆ 4 ಮಿ.ಮೀ. ಇದ್ದರೆ ಹೊಸಬರಿಗೆ ಸಾಕು. ಆರಿ ಒಂದು, ಅಂದರೆ ಮರದ ಹಿಡಿಯ ಚೂಪು ಮೊನೆ. ಮೊಂಡು ಮೂತಿಯ ಸೂಜಿ ಎರಡು. ಮರದ ಕೊಡತಿ. ಉಳಿಯ ತಲೆಗೆ ಕಬ್ಬಿಣದ ಸುತ್ತಿಗೆಯಿಂದ ಹೊಡೆಯಬೇಡಿ, ಉಳಿಯೂ ಹಾಳು, ಕಿವಿಯೂ ಹಾಳು. ಅಂಚಿನ ಮೂಲೆ ಹೆರೆಯುವ ಪುಟ್ಟ ಸಾಧನ ಒಂದು. ಅಪ್ಪನ ಹತ್ತಿರ ಇದ್ದದ್ದು ಇನ್ನೂ ಕಡಿಮೆ. ಅಗಲ ಬಾಯಿಯ ರಾಪಿ ಒಂದರಲ್ಲೇ ಕತ್ತರಿಸುತ್ತಿದ್ದರು, ಹೆರೆಯುತ್ತಿದ್ದರು, ಸಂಜೆ ಅದರಲ್ಲೇ ಕಲ್ಲಂಗಡಿಯನ್ನೂ ಕೊಯ್ಯುತ್ತಿದ್ದರು. ಅವ್ವ ಬೈಯುತ್ತಿದ್ದಳು.

ಉಳಿದ ದುಡ್ಡನ್ನು ಬಕಲ್, ರಿಂಗು, ಜಿಪ್ಪಿಗೆ ಹಾಕಿ. ಗಟ್ಟಿ ಹಿತ್ತಾಳೆಯದ್ದು ಕೈಗೆ ಭಾರ ಬರುತ್ತದೆ. ಮೇಲೆ ಲೇಪ ಕೊಟ್ಟದ್ದು ವರ್ಷದಲ್ಲಿ ಬಣ್ಣಗೆಡುತ್ತದೆ. ಆದರೆ ಮೊದಲ ಬ್ಯಾಗಿಗೇ ಜಿಪ್ಪು ಹಾಕಲು ಹೋಗಬೇಡಿ. ಎರಡು ತುಂಡು, ಎರಡು ಪಟ್ಟಿ, ಬಾಯಿ ತೆರೆದ ಸಾದಾ ಚೀಲ ಮಾಡಿ. ಅದು ಬಂದರೆ ಉಳಿದದ್ದು ಬರುತ್ತದೆ.

ಮದುವೆ ಕಾರ್ಡಿನ ರಟ್ಟಿನಲ್ಲಿ ಮೊದಲು ಅಚ್ಚು ಕತ್ತರಿಸಿ, ಟೇಪು ಹಚ್ಚಿ ನಿಲ್ಲಿಸಿ ನೋಡಿ. ಹೆಗಲಿಗೆ ಹಾಕಿ ಕನ್ನಡಿ ಮುಂದೆ ನಿಲ್ಲಿ. ನಿಮ್ಮ ಟಿಫಿನ್ ಡಬ್ಬಿ ಹಿಡಿಯುತ್ತದೋ ಇಲ್ಲವೋ ಇಟ್ಟು ನೋಡಿ. ತೊಗಲಿನ ಮೇಲೆ ಬಾಲ್‌ಪೆನ್ನಿನಲ್ಲಿ ಗೀಟು ಎಳೆಯಬೇಡಿ, ಅದು ಜನ್ಮಕ್ಕೂ ಹೋಗೋದಿಲ್ಲ. ಆರಿಯ ಮೊನೆಯಿಂದ ಹಗುರಾಗಿ ಗೀರಿದರೆ ಸಾಕು. ಕತ್ತರಿಸುವಾಗ ಒಂದೇ ಏಟಿಗೆ ಒತ್ತಬೇಡಿ. ಮೂರು ಸಲ ಹಗುರಾಗಿ ಎಳೆಯಿರಿ. ಅಡಿಗೆಮನೆಯ ಗ್ರಾನೈಟ್ ಕಟ್ಟೆಯ ಮೇಲಂತೂ ಬೇಡವೇ ಬೇಡ, ಚಾಕುವಿನ ಬಾಯಿ ಅಲ್ಲೇ ಸಾಯುತ್ತದೆ. ಕೆಳಗೆ ರಬ್ಬರಿನ ಹಾಸು ಇರಲಿ. ಚಾಕುವಿನ ವಿಷಯ ಬಂತು, ಹೇಳಿಬಿಡುತ್ತೇನೆ. ನಿಮ್ಮ ಮನೆಗಳಲ್ಲಿ ಟೊಮೆಟೊ ಹೆಚ್ಚುವ ಚಾಕುವನ್ನೂ ಯಾರೂ ಮಸೆಯೋದಿಲ್ಲ. ಟೊಮೆಟೊ ಹೆಚ್ಚೋದಿಲ್ಲ ನೀವು, ಜಜ್ಜುತ್ತೀರಿ. ತೊಗಲಿನ ಒಂದು ಪಟ್ಟಿಯನ್ನು ಹಲಗೆಗೆ ಅಂಟಿಸಿ, ದಿನಾ ನಾಲ್ಕು ಸಲ ಚಾಕು ಹಿಂದಕ್ಕೆ ಎಳೆದರೆ ಸಾಕು, ಅಡಿಗೆಮನೆಯದ್ದಕ್ಕೂ ಇದೇ ಮದ್ದು.

ಒಳಗೆ ಬಟ್ಟೆ ಹಾಕುವುದಾದರೆ ಹತ್ತಿಯ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಸೀರೆಗೆ ಫಾಲ್ ಹಚ್ಚುವ ಮುಂಚೆ ನೆನೆಸುತ್ತೇವಲ್ಲ, ಹಾಗೆ. ಈಗಿನವರು ಅದನ್ನೂ ಮಾಡೋದಿಲ್ಲ. ಮೊದಲ ಒಗೆತಕ್ಕೇ ಸೀರೆಯ ಅಂಚು ನಿರಿನಿರಿ ಎದ್ದು ನಿಲ್ಲುತ್ತದೆ, ಆಮೇಲೆ ಸೀರೆ ಸರಿ ಇಲ್ಲ ಅಂತ ದೂರುತ್ತಾರೆ.

ಅಂಟಿಸಲು ಚಪ್ಪಲಿ ರಿಪೇರಿಯವರ ಹಳದಿ ಸಲ್ಯೂಷನ್ ಸಾಕು. ಕಿಟಕಿ ತೆರೆದು ಕೂರಿ. ಎರಡೂ ಕಡೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆ ಜೋಡಿಸಿ ಒತ್ತಿ. ಹಸಿಯಲ್ಲೇ ಜೋಡಿಸಿದರೆ ಜಾರುತ್ತದೆ. ನುಣುಪಾದ ಹೊರಮೈಗೆ ಅಂಟಿಸುವುದಿದ್ದರೆ ಅಷ್ಟು ಜಾಗ ಮೊದಲು ಕೆರೆದು ಒರಟು ಮಾಡಿ.

ಹೊಲಿಗೆ ಕೈಯಲ್ಲೇ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೊಂದು ತೂತಿನಲ್ಲೂ ಎರಡೂ ಸೂಜಿ ಎದುರುಬದುರು ದಾಟಬೇಕು. ಮಷೀನಿನ ಹೊಲಿಗೆ ಒಂದು ಕಡೆ ಕಿತ್ತರೆ ಸರಸರ ಬಿಚ್ಚಿಕೊಳ್ಳುತ್ತದೆ. ಇದು ಹಾಗಲ್ಲ, ಒಂದು ಎಳೆ ಹೋದರೆ ಇನ್ನೊಂದು ಹಿಡಿದಿರುತ್ತದೆ. ಹೊಲಿಗೆಯ ಉದ್ದದ ನಾಲ್ಕರಷ್ಟು ದಾರ ತಗೊಳ್ಳಿ. ಜಿಪುಣತನ ಮಾಡಿ ಮಧ್ಯದಲ್ಲಿ ಗಂಟು ಹಾಕಬೇಡಿ. ದಾರವನ್ನು ಜೇನುಮೇಣದ ಉಂಡೆಯ ಮೇಲೆ ಎರಡು ಮೂರು ಸಲ ಎಳೆಯಿರಿ. ಎಡಗೈ ಸೂಜಿ ಮೊದಲು ಅಂತ ಶುರು ಮಾಡಿದರೆ ಕೊನೆಯವರೆಗೂ ಅದೇ ಮೊದಲು, ಆಗ ಹೊಲಿಗೆ ಒಂದೇ ಕಡೆಗೆ ಮಲಗುತ್ತದೆ. ಮುಂದಿನ ತುಂಡಿನಲ್ಲೂ ಹಿಂದಿನ ತುಂಡಿನಲ್ಲೂ ತೂತು ಎಣಿಸಿ. ಬ್ಯಾಗಿನ ಅಡಿಯ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ತೂತು ಹೊಡೆದುಕೊಂಡು ಬನ್ನಿ. ನಮ್ಮ ಹುಡುಗಿಯ ಬ್ಯಾಗಿನಲ್ಲಿ ಒಂದು ಕಡೆ ಮೂರು ತೂತು ಜಾಸ್ತಿ. ಜಗ್ಗಿ ಜಗ್ಗಿ ಕೂರಿಸಿದ್ದಾಳೆ, ಮೂಲೆಗೆ ಮುಖ ಸೊಟ್ಟ ಮಾಡಿದ ಹಾಗಿದೆ.

ಈಗ ಅಂಚು. ಇದನ್ನು ಓದುವಾಗ ಫೋನು ಕೆಳಗಿಡಿ ಅನ್ನೋಣ ಅಂದರೆ ನೀವು ಓದುತ್ತಿರುವುದೇ ಫೋನಿನಲ್ಲಿ.

ಅಗಸೆ ಬೀಜ ಒಂದು ಮುಷ್ಟಿ ತಗೊಳ್ಳಿ. ಚಟ್ನಿಪುಡಿಗೆ ಹುರಿಯುತ್ತೇವಲ್ಲ, ಅದೇ. ಸ್ಟೀಲ್ ಪಾತ್ರೆಯಲ್ಲಿ ಮುಳುಗಿ ಮೇಲೆ ಮೂರು ನಾಲ್ಕು ಬೆರಳು ನಿಲ್ಲುವಷ್ಟು ನೀರು ಹಾಕಿ ಕುದಿಸಿ. ಕಬ್ಬಿಣದ ಬಾಣಲೆ ಮಾತ್ರ ಬೇಡ. ತೊಗಟೆಯಲ್ಲಿ ಹದವಾದ ತೊಗಲಿಗೆ ಹಸಿಯಲ್ಲಿ ಕಬ್ಬಿಣ ತಾಗಿದರೆ ಕಪ್ಪು ಕಲೆ ಬೀಳುತ್ತದೆ. ಅಳಲೆಕಾಯಿಯ ರಸಕ್ಕೆ ಕಬ್ಬಿಣ ಸೇರಿಸಿಯೇ ಹಿಂದೆ ಬರೆಯುವ ಮಸಿ ಮಾಡುತ್ತಿದ್ದರು, ಅಂದಮೇಲೆ ನಿಮ್ಮ ಬ್ಯಾಗು ಯಾವ ಲೆಕ್ಕ? ಕೈಗೆ ನೀರಿದ್ದಾಗ ಅಡಿಪಟ್ಟಿ, ಕತ್ತರಿ ದೂರ ಇಡಿ. ಅಗಸೆ ಕುದ್ದು ಮೊಟ್ಟೆಯ ಬಿಳಿಯ ಹಾಗೆ ಎಳೆ ಬರುವಾಗ ಇಳಿಸಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಸೋಸುತ್ತೇನೆ ಅಂತ ಕೂತರೆ ಅದು ಬಟ್ಟೆಯನ್ನು ಬಿಟ್ಟು ಬರೋದಿಲ್ಲ, ನೀವು ಹಿಂಡಿ ಹಿಂಡಿ ಮೊಣಕೈವರೆಗೆ ಲೋಳೆ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಹುಳಿ ವಾಸನೆ ಬಂದರೆ ಚೆಲ್ಲಿ ಹೊಸದು ಮಾಡಿ.

ಹೊಲಿಗೆ ಮುಗಿದ ಮೇಲೆ ಎರಡು ಪದರದ ಅಂಚು ಒಂದೇ ಸಮ ಆಗುವ ಹಾಗೆ ಚಾಕುವಿನಲ್ಲಿ ಹೆರೆಯಿರಿ. ಆಮೇಲೆ ಮರಳು ಕಾಗದ, ಮೊದಲು 220 ನಂಬರಿನದು, ಆಮೇಲೆ 400. ಬೆರಳು ಆಡಿಸಿದರೆ ಎಲ್ಲಿ ಜೋಡಿಸಿದ್ದು ಅಂತ ತಿಳಿಯಬಾರದು. ಎರಡೂ ಕಡೆಯ ಚೂಪು ಮೂಲೆಯನ್ನು ತುಸು ಹೆರೆದು ದುಂಡಗೆ ಮಾಡಿ. ಅಂಚಿಗೆ ಬಣ್ಣ ಬೇಕಿದ್ದರೆ ಈಗಲೇ ಹಚ್ಚಿ. ಆಮೇಲೆ ಬೆರಳ ತುದಿಯಲ್ಲಿ ಅಗಸೆ ಲೋಳೆ. ತೊಗಲಿನ ಮುಖಕ್ಕೆ ತಾಗದ ಹಾಗೆ ಅಂಚಿಗೆ ಮಾತ್ರ, ಹೊರಮೈಗೆ ಹರಿದರೆ ಕಲೆ. ಹಚ್ಚಿದ ಕೂಡಲೇ ಉಜ್ಜಬಾರದು. ಹಸಿ ಹೊಳಪು ಹೋಗಿ, ಇನ್ನೂ ತಂಪು ಇರುವಾಗ ಕೈ ಹಾಕಬೇಕು. ಅದು ಎಷ್ಟು ಹೊತ್ತು ಅಂತ ಗಡಿಯಾರ ಹೇಳೋದಿಲ್ಲ. ಮಳೆಗಾಲದಲ್ಲಿ ಒಂದು ಲೋಟ ಚಹಾ ಕುಡಿದು ಬರಬಹುದು, ಬೇಸಿಗೆಯಲ್ಲಿ ಎದ್ದು ಹೋದರೆ ಆರಿಯೇ ಹೋಗಿರುತ್ತದೆ.

ಉಜ್ಜಲು ಅಂಗಡಿಯಲ್ಲಿ ಗೀರು ಗೀರಿನ ಮರದ ಕೋಲು ಮಾರುತ್ತಾರೆ. ನನಗೆ ಅವ್ವನ ಕಡಗೋಲಿದೆ. ಹಗ್ಗ ಸುತ್ತಿ ಮಜ್ಜಿಗೆ ಕಡೆದು ಕಡೆದು ಅದರ ಕೋಲಿನ ಮೇಲೆ ಹಗ್ಗ ಓಡಿದ ಕಡೆ ತಗ್ಗು ಬಿದ್ದಿದೆ, ಒಂದಲ್ಲ, ಮೂರು. ಮಿಕ್ಸಿ ಬಂದ ಮೇಲೆ ಅಟ್ಟ ಸೇರಿತ್ತು. ನಾನು ಮದುವೆಯಾಗಿ ಹುಬ್ಬಳ್ಳಿಗೆ ಬಂದ ಎಷ್ಟೋ ವರ್ಷದ ಮೇಲೆ ತವರಿಗೆ ಹೋದಾಗ ಕೇಳಿ ತಂದೆ. ತಗ್ಗಿನಲ್ಲಿ ತೊಗಲಿನ ಅಂಚು ಇಟ್ಟರೆ ಅಲ್ಲಿಗೇ ಮಾಡಿದ ಹಾಗೆ ಕೂರುತ್ತದೆ. ಅದರಲ್ಲಿ ಬೆಣ್ಣೆಯ ಜಿಡ್ಡು ಇನ್ನೂ ಇದೆ ಅಂತ ನನ್ನ ನಂಬಿಕೆ, ಮಗ ನಗುತ್ತಾನೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಯಾವುದಾದರೂ ಗಟ್ಟಿ ಮರದ ಕೋಲಿಗೆ ತಗ್ಗು ಕೆತ್ತಿಸಿಕೊಳ್ಳಿ.

ಮೊದಲು ಹಳೇ ಒರಟು ಬಟ್ಟೆಯಿಂದ ಮೆಲ್ಲಗೆ ನೇವರಿಸಿ. ಶುರುವಿನಲ್ಲೇ ಒತ್ತಿದರೆ ಅಂಚು ಅಣಬೆಯ ಹಾಗೆ ಹೊರಕ್ಕೆ ಹರಡಿ ಮಡಚಿಕೊಳ್ಳುತ್ತದೆ. ನಾರು ಮಲಗಿದ ಮೇಲೆ ಕೋಲು. ಗೇಣುದ್ದ ಜಾಗ ಮಾತ್ರ ತಗೊಂಡು ಬೇಗ ಬೇಗ, ಹಗುರಾಗಿ ಉಜ್ಜಿ. ಮೊದಲು ಕರಕರ ಸದ್ದು ಬರುತ್ತದೆ. ಬೆರಳಿಗೆ ಬಿಸಿ ಹತ್ತುವಾಗ ಸದ್ದು ನಿಂತು ಕೋಲು ತಾನೇ ಜಾರುತ್ತದೆ. ಆಗ ಬಿಡಿ. ಪೂರಾ ಆರಲು ಬಿಟ್ಟು, ನಾರು ಎದ್ದಿದ್ದರೆ ನುಣುಪು ಕಾಗದ ಒಂದು ಸಲ ಆಡಿಸಿ, ಮತ್ತೆ ಲೋಳೆ, ಮತ್ತೆ ಉಜ್ಜು. ಮೂರು ಸಲ. ಎರಡಕ್ಕೇ ಬಿಡುವವರು ಬಹಳ, ಯಾಕೆಂದರೆ ಎರಡಕ್ಕೇ ಚಂದ ಕಾಣುತ್ತದೆ. ಹದಿನೈದು ದಿನ ಸೊಂಟಕ್ಕೆ ತಿಕ್ಕಲಿ, ಗೊತ್ತಾಗುತ್ತದೆ. ಕೊನೆಗೆ ಜೇನುಮೇಣ ತಿಕ್ಕಿ, ಬಟ್ಟೆಯಲ್ಲಿ ಬಿಸಿಯಾಗುವ ತನಕ ಉಜ್ಜಿ. ಎರಡು ಪದರ ಅಂತ ಯಾರೂ ಹೇಳಬಾರದು. ನುಣ್ಣಗೆ ಹುಣಸೆ ಬೀಜದ ಹಾಗೆ ಮಿಂಚಬೇಕು.

ಮಾಡಿದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಜುಲೈನಲ್ಲಿ ಬೂಷ್ಟು ಹಿಡಿಯುತ್ತದೆ. ಹಳೇ ತಲೆದಿಂಬಿನ ಚೀಲದಲ್ಲಿ ಹಾಕಿ. ಹೊಳಪಿಗೆ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ. ತಲೆಗೆ ಹಚ್ಚಿಕೊಳ್ಳಿ ಅದನ್ನು.

ಹುಡುಗಿ ಹೊರಡುವಾಗ ಕೊನೆಗೂ ನಿಜ ಹೇಳಿದೆ. ಒಂದು ಗಳಿಗೆ ಮುಖ ಸಣ್ಣ ಮಾಡಿಕೊಂಡಳು. ಆಮೇಲೆ ಕಡಗೋಲು ಕೊಡು ಅಜ್ಜಿ ಅಂದಳು. ಕೊಡಲಿಲ್ಲ. ಬ್ಯಾಗು ಇಲ್ಲೇ ಬಿಟ್ಟು ಹೋಗು ಅಂದೆ. ಮೂಲೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ್ದಾಯಿತು. ಈಗ ಎರಡನೇ ಸಲ ಲೋಳೆ ಹಚ್ಚಿ ಕಿಟಕಿಯ ಹತ್ತಿರ ಇಟ್ಟಿದ್ದೇನೆ. ಇವತ್ತು ಮೋಡ ಇದೆ, ಚಹಾಕ್ಕೆ ಸಮಯವಿದೆ.