ಶ್ವೇತ ಕುಬ್ಜದ ಬೆಳಕಿನಿಂದ ಗ್ರಹದ ಕಲ್ಲಿನ ಲೆಕ್ಕ

ಶ್ವೇತ ಕುಬ್ಜ ಎಂದರೆ ಇಂಧನ ತೀರಿದ ನಕ್ಷತ್ರದ ಉಳಿದ ತಿರುಳು. ಅದರ ಮೇಲ್ಪದರದಲ್ಲಿ ಇರಬೇಕಾದ್ದು ಹೈಡ್ರೋಜನ್, ಇಲ್ಲವೇ ಹೀಲಿಯಂ. ಭಾರದ ಧಾತುಗಳು ಗುರುತ್ವಕ್ಕೆ ಸಿಕ್ಕಿ ತಳ ಸೇರಿಬಿಡುತ್ತವೆ. ಆದರೂ ಅದರ ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನಲ್ಲಿ) ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣದ ಗೆರೆಗಳು ಕಂಡರೆ, ಒಡೆದ ಗ್ರಹದ ಇಲ್ಲವೇ ಕ್ಷುದ್ರಗ್ರಹದ ಚೂರು ಬಿದ್ದಿದೆ ಎಂದೇ ಲೆಕ್ಕ. ಮಳೆಗಾಲದಲ್ಲಿ ದೂರದರ್ಶಕ ಮೂಲೆ ಸೇರಿದಾಗ ಪುಣೆಯ ಹವ್ಯಾಸಿ ಖಗೋಳವೀಕ್ಷಕರಿಗೆ ಹೇಳಿಮಾಡಿಸಿದ ಕೆಲಸ ಇದು. ಸ್ಲೋನ್ ಆಕಾಶ ಸಮೀಕ್ಷೆಯ ರೋಹಿತಗಳು ಉಚಿತ.

ಮೊದಲು ಕ್ಯಾಲ್ಸಿಯಂನ ಕೆ ಗೆರೆ ಹುಡುಕಿ: ಗಾಳಿಯಲ್ಲಿ 3933.7 ಆಂಗ್‌ಸ್ಟ್ರಾಮ್. ಎಡವುವುದು ಇಲ್ಲೇ. ಸ್ಲೋನ್ ಕೊಡುವುದು ನಿರ್ವಾತದ ತರಂಗಾಂತರ, ಅಂದರೆ 3934.8. ಎರಡನ್ನೂ ಕಲಸಿದರೆ ಸೆಕೆಂಡಿಗೆ ಸುಮಾರು 85 ಕಿ.ಮೀ. ಸುಳ್ಳು ವೇಗ ಬರುತ್ತದೆ. ಆಗ ಗೆರೆ ನಕ್ಷತ್ರದ್ದೋ, ನಡುವಿನ ಅಂತರತಾರಾ ಅನಿಲದ್ದೋ ಎಂದು ಹೇಳಲಾಗದು. ಹೈಡ್ರೋಜನ್ ಕುಬ್ಜದಲ್ಲಿ ಕ್ಯಾಲ್ಸಿಯಂನದೇ ಆದ 3968.5ರ ಎಚ್ ಗೆರೆಯನ್ನು ನಂಬಬೇಡಿ, ಪಕ್ಕದ ಹೈಡ್ರೋಜನ್ ಗೆರೆ ಅದನ್ನು ನುಂಗಿರುತ್ತದೆ. ಸಿಲಿಕಾನ್, ಆಮ್ಲಜನಕಗಳಿಗೆ ಸಾಮಾನ್ಯವಾಗಿ ಹಬಲ್‌ನ ಅತಿನೇರಳೆ ರೋಹಿತವೇ ಬೇಕು.

ಗಯಾ ಬಾಹ್ಯಾಕಾಶ ದೂರದರ್ಶಕ ಅಳೆದ ದೂರ ಮತ್ತು ಬಣ್ಣಗಳಿಂದ ತಾಪ, ಗುರುತ್ವ ಹೊಂದಿಸಿ, ಮಾದರಿ ರೋಹಿತದ ಮೂಲಕ ಪರಮಾಣುಗಳ ಅನುಪಾತ ತೆಗೆಯಿರಿ. ಅದು ಇನ್ನೂ ಕಲ್ಲಿನ ಅನುಪಾತವಲ್ಲ. ಪ್ರತಿ ಧಾತು ಮುಳುಗುವ ವೇಗ ಬೇರೆ. ಬಿಸಿ ಹೈಡ್ರೋಜನ್ ಕುಬ್ಜದಲ್ಲಿ ದಿನಗಳಿಂದ ವರ್ಷಗಳು. ತಣ್ಣನೆಯ ಹೀಲಿಯಂ ಕುಬ್ಜದಲ್ಲಿ ಹತ್ತು ಲಕ್ಷ ವರ್ಷಗಳವರೆಗೂ ಹಿಡಿದೀತು. ಚೂರು ಒಂದೇ ಸಮನೆ ಬೀಳುತ್ತಿದ್ದರೆ, ಕಂಡ ಕಬ್ಬಿಣ–ಮೆಗ್ನೀಸಿಯಂ ಅನುಪಾತವನ್ನು ಮೆಗ್ನೀಸಿಯಂನ ಮುಳುಗುವ ಕಾಲದಿಂದ ಗುಣಿಸಿ, ಕಬ್ಬಿಣದ ಕಾಲದಿಂದ ಭಾಗಿಸಿ. ಮೆಗ್ನೀಸಿಯಂ ಎರಡು ಪಟ್ಟು ಹೊತ್ತು ತೇಲಿದರೆ ಕಲ್ಲಿನ ಕಬ್ಬಿಣ ಕಂಡದ್ದರ ಎರಡು ಪಟ್ಟು. ಬೀಳುವುದು ನಿಂತು ಬಹಳ ಕಾಲವಾಗಿದ್ದರೆ ಕಬ್ಬಿಣ ಮೊದಲೇ ಇಳಿದುಹೋಗಿ, ಸಾದಾ ಗ್ರಹವೂ ಬರೀ ಮ್ಯಾಂಟಲ್‌ನಂತೆ (ತಿರುಳಿನ ಸುತ್ತಲ ಕಲ್ಲಿನ ಪದರದಂತೆ) ತೋರುತ್ತದೆ. ಬೀಳಲು ಆರಂಭವಾದಷ್ಟೇ ಆಗಿದ್ದರೆ ತಿದ್ದುಪಡಿಯೇ ಬೇಡ. ಮೂರೂ ಲೆಕ್ಕ ಮಾಡಿಯೇ ಮುಂದೆ ಹೋಗಿ.

ಆಮೇಲೆ ಆಮ್ಲಜನಕದ ಜಮಾಖರ್ಚು: ಕಲ್ಲಿನಲ್ಲಿ ಅದು ಬೇರೆ ಧಾತುಗಳಿಗೆ ಅಂಟಿಕೊಂಡಿರುತ್ತದೆ. ಮೆಗ್ನೀಸಿಯಂ, ಕ್ಯಾಲ್ಸಿಯಂ, ಕಬ್ಬಿಣದ ಪರಮಾಣುವಿಗೆ ಒಂದೊಂದು, ಸಿಲಿಕಾನ್‌ಗೆ ಎರಡು, ಅಲ್ಯೂಮಿನಿಯಂಗೆ ಒಂದೂವರೆ ಹಂಚಿ. ಉಳಿದರೆ ನೀರಿನ ಶಂಕೆ. 2013ರಲ್ಲಿ ಜಿಡಿ 61 ಎಂಬ ಶ್ವೇತ ಕುಬ್ಜದಲ್ಲಿ ಸಿಕ್ಕ ಸುಳಿವು ಇಂಥದೇ. ಸಾಲದಿದ್ದರೆ ಕಬ್ಬಿಣದ ಒಂದು ಪಾಲು ಲೋಹವಾಗಿಯೇ ಇತ್ತು, ಅಂದರೆ ತಿರುಳಿನ ಚೂರು.

ಪರಮಾಣುಭಾರದಿಂದ ಗುಣಿಸಿ (ಮೆಗ್ನೀಸಿಯಂ 24.3, ಸಿಲಿಕಾನ್ 28.1, ಕಬ್ಬಿಣ 55.8) ಶೇಕಡಾವಾರು ಮಾಡಿ. ಇಡೀ ಭೂಮಿಯಲ್ಲಿ ತೂಕದ ಲೆಕ್ಕಕ್ಕೆ ಕಬ್ಬಿಣ ಸುಮಾರು 32, ಆಮ್ಲಜನಕ 30, ಸಿಲಿಕಾನ್ ಮತ್ತು ಮೆಗ್ನೀಸಿಯಂ 15ರ ಆಸುಪಾಸು. ಮೆಗ್ನೀಸಿಯಂ ತೀರಾ ಇಳಿದು ಕ್ಯಾಲ್ಸಿಯಂ, ಅಲ್ಯೂಮಿನಿಯಂ ಏರಿದ್ದರೆ ಪುಣೆ ಬಳಿಯ ಸಿಂಹಗಡದ ಬಸಾಲ್ಟಿನಂಥ (ಲಾವಾ ಗಟ್ಟಿಯಾದ ಕಪ್ಪು ಕಲ್ಲಿನಂಥ) ತೊಗಟೆಯ ಗುಮಾನಿ. ಗುಮಾನಿಯಷ್ಟೇ: ರೋಹಿತ ತೋರಿಸುವುದು ಧಾತು, ಖನಿಜವಲ್ಲ. ಕ್ಯಾಲ್ಸಿಯಂ ಒಂದೇ ಸಿಕ್ಕಿದ್ದರೆ ಕಲ್ಲಿಗೆ ಹೆಸರಿಡುವ ಗೋಜಿಗೇ ಹೋಗಬೇಡಿ.